ಪೋಪ್ರಿಶ್ಚಿನ್, ಝೆಲ್ತ್‌ಕೋವ್, ಬಜಾರೊವ್: ಮೊದಲು ಯಾರನ್ನು ಓದುವುದು?

ಕೈಗೆಟುಕದ ಹೆಣ್ಣನ್ನು ಪ್ರೀತಿಸಿ ಕೆಟ್ಟವರಿಗೆ ರಷ್ಯನ್ ಕಥೆಗಳಲ್ಲಿ ಬರವಿಲ್ಲ; ಈ ಮೂವರೂ ಅಂಥವರೇ. ಆದರೆ ಅಂತಸ್ತೇ ಅಡ್ಡ ಬಂದದ್ದು ಎಲ್ಲ ಕಡೆಯೂ ಅಲ್ಲ.

ಮೊದಲು ಗೊಗೊಲ್‌ನ ‘ಹುಚ್ಚನ ದಿನಚರಿ’ (1835). ಚಿಕ್ಕದು, ಒಂದೇ ಪಟ್ಟಿಗೆ ಮುಗಿಯುತ್ತದೆ. ಪೋಪ್ರಿಶ್ಚಿನ್ 14 ದರ್ಜೆಗಳ ಸರ್ಕಾರಿ ಪಟ್ಟಿಯಲ್ಲಿ ಒಂಬತ್ತನೆಯ ದರ್ಜೆಯವನು. ಆಗ ಎಂಟಕ್ಕೇರಿದರೆ ಮಾತ್ರ ಹುದ್ದೆಯಿಂದ ವಂಶಪಾರಂಪರ್ಯದ ಕುಲೀನ ಪಟ್ಟ. ತಾನು ಮೊದಲೇ ಕುಲೀನ ಎಂದು ಇವನು ಹೇಳಿಕೊಂಡರೂ ಕೇಳುವವರಿಲ್ಲ. ಕೆಲಸ ಗರಿ ಲೇಖನಿ ಚೂಪು ಮಾಡುವುದು: ಒಂದು ದಿನ ಸಾಹೇಬರಿಗೆ 23, ಅವರ ಮಗಳಿಗೆ 4. ಆಕೆಯ ಕರವಸ್ತ್ರ ಬಿದ್ದಾಗ ಎತ್ತಿಕೊಡಲು ಧಾವಿಸಿ, ನುಣುಪು ನೆಲದಲ್ಲಿ ಜಾರಿ, ಮೂಗು ಒಡೆದುಕೊಳ್ಳುವುದೊಂದು ಬಾಕಿ. ಇವನನ್ನು ಕಂಡರೆ ಆಕೆಗೆ ನಗು ತಡೆಯಲಾಗದು ಎಂಬುದು ತಿಳಿಯುವುದು ಆಕೆಯ ನಾಯಿ ಬರೆದ ಪತ್ರಗಳಿಂದ! ಕೊನೆಗೆ ತಾನೇ ಸ್ಪೇನಿನ ದೊರೆ ಎನ್ನುತ್ತಾನೆ. ಹುಚ್ಚಿನಲ್ಲೂ ಬೇಕಾದದ್ದು ಬಡ್ತಿಯೇ. ಬರೀ ತಮಾಷೆ ಎಂದು ಓಡಿಸಿಕೊಂಡು ಓದಬೇಡಿ, ತಾರೀಖುಗಳ ಮೇಲೆ ಕಣ್ಣಿಡಿ. ‘2000, ಏಪ್ರಿಲ್ 43’ ಬಂದಾಗ ಅವನು ಕೈಮೀರಿದ್ದಾನೆ.

ಕುಪ್ರಿನ್‌ನ ‘ಗಾರ್ನೆಟ್ ಕಡಗ’ (1911) ಹೆಚ್ಚು ಜನ ಮೆಚ್ಚುವ ಕಥೆ, ಹೆಚ್ಚು ಸಿಹಿಯಾದದ್ದೂ ಹೌದು. 13 ಅಧ್ಯಾಯ. ಬೀಥೋವನ್‌ನ ಪಿಯಾನೊ ಸಂಗೀತ (ಸೊನಾಟಾ) ಕೇಳಿಬರುವ ಕೊನೆಯ ಭಾಗಕ್ಕೆ ಅವಸರಪಟ್ಟು, ನಾಯಕಿಯ ಹೆಸರಿನ ಸಂತಳ ಹಬ್ಬದ ಊಟವನ್ನು ಹಾರಿಸುವವರುಂಟು. ಕಥೆಯ ಕಟು ಭಾಗ ಅಲ್ಲಿದೆ. ರಾಜಕುಮಾರಿ ವೇರಾಳ ಗಂಡ, ಅವಳನ್ನು ದೂರದಿಂದಲೇ ಪ್ರೀತಿಸುವ ಅನಾಮಿಕನ (ಗುಮಾಸ್ತ ಝೆಲ್ತ್‌ಕೋವ್‌ನ) ಮೇಲೆ ಚಿತ್ರ ಬರೆದ ಆಲ್ಬಂ ತೆಗೆದು ಅತಿಥಿಗಳನ್ನು ನಗಿಸುತ್ತಾನೆ. ಮುಂದೆ ವೇರಾಳ ಅಣ್ಣ, ಸಹಾಯಕ ಪ್ರಾಸಿಕ್ಯೂಟರ್, ಝೆಲ್ತ್‌ಕೋವ್‌ನ ಕೋಣೆಗೇ ಬಂದು ಮಾತಿನ ನಡುವೆ ಅಧಿಕಾರಿಗಳ ಹೆಸರೆತ್ತುತ್ತಾನೆ. ಅಲ್ಲಿಯವರೆಗೆ ನಡುಗುತ್ತಿದ್ದ ಗುಮಾಸ್ತ ಸೋಫಾದ ಮೂಲೆಯಲ್ಲಿ ಆರಾಮಾಗಿ ಕೂತು ಸಿಗರೇಟು ಹಚ್ಚುತ್ತಾನೆ. ಅಧಿಕಾರದಿಂದ ಪ್ರೀತಿ ಬಿಡಿಸಲಾಗದು ಎಂಬುದು ಅವನಿಗೆ ಹೊಳೆದಿದೆ. ಆದರೆ ಆಮೇಲೆ ಕುಪ್ರಿನ್ ಅವನನ್ನು ಸಂತನನ್ನಾಗಿಸಿ, ದರ್ಜೆಯ ಮಾತನ್ನೇ ಕೈಬಿಡುತ್ತಾನೆ. ಗೊಗೊಲ್‌ನಲ್ಲಿ ಈ ರಿಯಾಯಿತಿ ಇಲ್ಲ, ನನ್ನ ಓಟು ಅವನಿಗೆ.

ತುರ್ಗೇನೆವ್‌ನ ‘ತಂದೆ ಮಕ್ಕಳು’ (1862) ಮೂರನೆಯದು. ಬಜಾರೊವ್ ಸೇನಾ ವೈದ್ಯನ ಮಗ, ಅಜ್ಜ ಹೊಲ ಉತ್ತವನು. ಅವನು ಪ್ರೀತಿಸುವ ಅದಿನ್‌ತ್ಸೊವಾ ಶ್ರೀಮಂತ ವಿಧವೆ. ಆದರೆ ಅವಳು ಒಲ್ಲೆನ್ನುವುದು ಕುಲ ನೋಡಿ ಅಲ್ಲ, ತನ್ನ ನೆಮ್ಮದಿ ಕೆಡದಿರಲಿ ಎಂದು. ಈ ಎಳೆ ಮಾತ್ರ ಬೇಕಾದವರಿಗೆ 14ರಿಂದ 18ನೇ ಅಧ್ಯಾಯ, ಜೊತೆಗೆ ಅವಳು ಸಾಯುತ್ತಿರುವವನನ್ನು ನೋಡಲು ಬರುವ 27 ಸಾಕು.