ಕಲಬುರಗಿಯಲ್ಲಿ ಲೋಲಿಟಾ ಪೆಟಿಕೋಟ್ ಹೊಲಿಸುವವರಿಗೆ: ಸೂಪರ್ ಮಾರ್ಕೆಟ್ ಹತ್ತಿರದ ಟೇಲರ್ ಅಂಗಡಿ

ಟೋಕಿಯೊದ ಹರಾಜುಕು ಬಡಾವಣೆಯಲ್ಲಿ ಬೆಳೆದ, ಗೊಂಬೆಯ ಫ್ರಾಕಿನಂಥ ಲೋಲಿಟಾ ಉಡುಪಿಗೆ ಪೆಟಿಕೋಟೇ ಜೀವ. ಅದು ಸೊರಗಿದರೆ ಗಂಟೆಯಂತೆ ಉಬ್ಬಬೇಕಾದ ಸ್ಕರ್ಟು ಜೋತುಬೀಳುತ್ತದೆ. ಈ ಅಂಗಡಿಯ ಅಳತೆ ಅಚ್ಚುಕಟ್ಟು: ಸ್ಕರ್ಟಿಗಿಂತ 2 ಇಂಚು ಗಿಡ್ಡ, ಮೂರು ಪಟ್ಟಿ, ಮೇಲಿನದರ ಸುತ್ತಳತೆ 2 ಮೀಟರ್, ನಡುವಿನದು 4, ಕೆಳಗಿನದು 8. ನೆರಿಗೆ ಎಲ್ಲೂ ಗಂಟುಗಟ್ಟಿಲ್ಲ, ಎಂಥ ಕೈ!

ತಪ್ಪುವುದು ಅರಿವೆಯಲ್ಲಿ. ಹೇಳದಿದ್ದರೆ ಲೆಹೆಂಗಾಕ್ಕೆ ಹಾಕುವ ಕ್ಯಾನ್‌ಕ್ಯಾನ್ ನೆಟ್ಟನ್ನೇ ಹಾಕುತ್ತಾರೆ. ಅದು ಕಾಲಿಗೆ ಚುಚ್ಚುತ್ತದೆ, ಮಡಚಿಟ್ಟರೆ ಗುರುತು ಹೋಗುವುದಿಲ್ಲ. ಗಟ್ಟಿ ಆರ್ಗಂಜಾ ನೀವೇ ಒಯ್ಯಿರಿ. ಒಳಗೆ ಹತ್ತಿಯ ಅಸ್ತರೇ ಬೇಕೆನ್ನಿ. ನಮ್ಮ ಬಿಸಿಲಿಗೆ ಪಾಲಿಯೆಸ್ಟರ್ ಬೆವರಿಗೆ ಅಂಟುತ್ತದೆ. ಸೊಂಟಕ್ಕೆ ಬರೀ ಇಲಾಸ್ಟಿಕ್ ಸಾಕೆಂದರೆ ಒಪ್ಪಬೇಡಿ, ಭಾರಕ್ಕೆ ಜಾರುತ್ತದೆ. ಜೊತೆಗೆ ಲಾಡಿಯೂ ಇರಲಿ.