ಬೆಳ್ಳಿ ಫಿಲ್ಲಿಂಗೋ, ಬಿಳಿ ಫಿಲ್ಲಿಂಗೋ?

ಮುಂಬೈಯ ಮಾಟುಂಗದಲ್ಲಿ ಇಡ್ಲಿ ಮುಂದಿಟ್ಟುಕೊಂಡು ಗೆಳೆಯ ತನ್ನ ಹುಳುಕು ಹಲ್ಲಿನ ಬಗ್ಗೆ ಇದನ್ನೇ ಕೇಳಿದ. ಬಣ್ಣ ಬಿಡು, ಹಲ್ಲು ಎಷ್ಟು ಕೊರೆಯುತ್ತಾರೆ ನೋಡು ಎಂದೆ.

ಬೆಳ್ಳಿಯದು, ಅಂದರೆ ಪಾದರಸ ಬೆರೆಸಿದ ಲೋಹಮಿಶ್ರಣ ಅಮಾಲ್ಗಮ್, ಹಲ್ಲಿಗೆ ತಾನಾಗಿ ಅಂಟದು. ಕುಳಿಯನ್ನು ಸುಮಾರು 1.5–2 ಮಿ.ಮೀ. ಆಳ ಮಾಡಿ, ಬಾಯಿ ಕಿರಿದು, ತಳ ಅಗಲ ಬಿಡಬೇಕು. ಅಜ್ಜಿಯ ಉಪ್ಪಿನಕಾಯಿ ಭರಣಿಯ ಹಾಗೆ. ಇದಕ್ಕಾಗಿ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ. ಬಿಳಿಯದಕ್ಕೆ, ಅಂದರೆ ರಾಳದಂಥ ಕಾಂಪೋಸಿಟ್‌ಗೆ, ಹುಳುಕು ತೆಗೆದರೆ ಬಹುತೇಕ ಸಾಕು. ಫಾಸ್ಫಾರಿಕ್ ಆಮ್ಲ ಹಚ್ಚಿ ಹಲ್ಲಿನ ಹೊರಪದರ ಎನಾಮಲ್ ತರಿತರಿ ಮಾಡಿ, ಅಂಟು ಸವರಿ, ಪದರಪದರವಾಗಿ ನೀಲಿ ಬೆಳಕಲ್ಲಿ ಗಟ್ಟಿ ಮಾಡುತ್ತಾರೆ. ಆದರೆ ಅದು ಜಂಬದ ಅಳಿಯ: ಎಂಜಲು ತಾಗಿದರೆ ಮುನಿಸು!

ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಕಟ್ಟುವ ವೈದ್ಯರಾದರೆ ನನ್ನ ಮತ ಬಿಳಿಗೇ. ಒಸಡಿನಡಿ ಇಳಿದ, ಒಣಗಿಸಲಾಗದ ಕುಳಿಗೆ ಬೆಳ್ಳಿಯೇ ಸಹನಶೀಲ. ಪಾದರಸ ಇರುವುದರಿಂದ ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ.