ಹಳೆ ಪಿಕಪ್‌ಗೆ ಎಸಿ ಕೂರಿಸೋ ಆಸೆ ಇದ್ರೆ ಮೊದಲು ಇದನ್ನು ಓದಿ

ಬೇಸಿಗೆ ಬಂತು ಅಂದರೆ ಸಾಕು, "ಯಾವ ಗಾಡಿಗಾದರೂ ಎಸಿ ಕೂರಿಸಿಕೊಡುತ್ತೇವೆ" ಅನ್ನೋ ಬೋರ್ಡುಗಳು ಏಳುತ್ತವೆ. ಆ ಕಡೆ ಗಾಡಿ ತಿರುಗಿಸುವ ಮುಂಚೆ ನನ್ನ ಕಥೆ ಕೇಳಿ.

ನನ್ನದು ಹಳೆ ಬೊಲೆರೊ ಪಿಕಪ್, 2523 ಸಿಸಿ ಎಂಜಿನ್, 60 ಚಿಲ್ಲರೆ ಎಚ್‌ಪಿ. ಸಿಂಧನೂರು ಕಡೆಯಿಂದ ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಲೋಡ್ ಹೊಡೆಯುತ್ತೇನೆ. ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಲ್ವಾ? ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಮೇಲೆ ಕಾದ ತಗಡು, ಕಾಲ ಹತ್ತಿರ ಎಂಜಿನ್ ಕಾವು, ಹಿಂದೆ ಮೆಣಸಿನ ಘಾಟು. 2025ರಿಂದ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಯಿತು, ಆದರೆ ಅದು 3.5 ಟನ್‌ಗಿಂತ ಮೇಲಿನ ಗಾಡಿಗಳಿಗೆ. ಪಿಕಪ್‌ನವರ ಬೆವರನ್ನು ಯಾರೂ ಲೆಕ್ಕಕ್ಕೆ ತಗೊಂಡಿಲ್ಲ ಬಿಡಿ.

ಅಂಥದ್ದೇ ಒಂದು ಬೋರ್ಡು ನೋಡಿ ಎಸಿ ಕೂರಿಸೋಕೆ ಗಾಡಿ ಬಿಟ್ಟೆ. ಅಂಗಡಿಯವರು ಒಂದೇ ದಿನದಲ್ಲಿ ಕೆಲಸ ಮುಗಿಸಿಕೊಟ್ಟರು. ಕೀಲಿ ಕೊಟ್ಟಾಗ ಗಾಳಿ ತಣ್ಣಗೇ ಬರುತ್ತಿತ್ತು. ಖಾಲಿ ಗಾಡಿ, ಸಂಜೆ ಹೊತ್ತು, ತಣ್ಣಗೆ ಬರದೆ ಏನು?

ಲೋಡ್ ಹಾಕಿದ ದಿನ ಬಣ್ಣ ಬಯಲಾಯಿತು. ಕೊಪ್ಪಳ ದಾಟಿ ಗದಗ ಕಡೆ ಹೋಗುವಾಗ ಟೆಂಪರೇಚರ್ ಮುಳ್ಳು ಮೇಲಕ್ಕೆ ಏರುತ್ತಲೇ ಹೋಯಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ಕಂಡೆನ್ಸರ್ ರೇಡಿಯೇಟರ್‌ಗೆ ಅಂಟಿಕೊಂಡೇ ಕೂತಿದೆ, ನಡುವೆ ಬೆರಳು ತೂರುವಷ್ಟೂ ಜಾಗ ಇಲ್ಲ, ಅದನ್ನು ಹಿಡಿದಿರೋದು ನಾಲ್ಕು ಪ್ಲಾಸ್ಟಿಕ್ ಟೈ. ಕ್ಯಾಬಿನ್ ಒಳಗಿನ ಬಿಸಿಯನ್ನೆಲ್ಲ ಹೊರಹಾಕುವುದೇ ಕಂಡೆನ್ಸರ್ ಕೆಲಸ, ಆ ಬಿಸಿಗಾಳಿ ನೇರ ರೇಡಿಯೇಟರ್ ಮೇಲೆ. ಎಸಿ ಇಲ್ಲದ ಗಾಡಿಯ ರೇಡಿಯೇಟರ್ ಇದನ್ನು ಲೆಕ್ಕ ಹಾಕಿ ಮಾಡಿದ್ದಲ್ಲ. ಕಂಡೆನ್ಸರ್ ಮುಂದೆ ಒಂದು ಎಲೆಕ್ಟ್ರಿಕ್ ಫ್ಯಾನ್ ಬೇಕೇ ಬೇಕು. ಅದನ್ನು ಹಾಕೇ ಇರಲಿಲ್ಲ. ಕೇಳಿದರೆ "ಎಂಜಿನ್ ಫ್ಯಾನ್ ಸಾಕಾಗುತ್ತೆ ಅಣ್ಣ" ಅಂದ ಅಂಗಡಿಯವನು.

ಆಮೇಲೆ ಬೆಲ್ಟ್. ಎಂಜಿನ್ ಬೆಲ್ಟಿನಿಂದ ತಿರುಗಿ ಎಸಿ ಗ್ಯಾಸನ್ನು ಒತ್ತುವ ಕಂಪ್ರೆಸರ್ ಕೂರಿಸೋ ಬ್ರಾಕೆಟ್ ಅನ್ನು ಅಲ್ಲೇ ಆಂಗಲ್ ಪಟ್ಟಿ ಕತ್ತರಿಸಿ ವೆಲ್ಡಿಂಗ್ ಮಾಡಿದ್ದರು. ಪುಲ್ಲಿಗಳು ಒಂದೇ ನೇರಕ್ಕೆ ಇರಲಿಲ್ಲ. ಎಸಿ ಹಾಕಿದ ತಕ್ಷಣ ಕಿರ್ ಅಂತ ಕೂಗುತ್ತಿತ್ತು, ಬೆಲ್ಟಿನ ಒಂದು ಅಂಚು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಕೊನೆಗೊಂದು ದಿನ ಹರಿದು ಪಕ್ಕದ ಫ್ಯಾನ್ ಬೆಲ್ಟಿಗೆ ಸುತ್ತಿಕೊಂಡು ಅದನ್ನೂ ಎಳೆದುಕೊಂಡು ಹೋಯಿತು. ಫ್ಯಾನ್ ಬೆಲ್ಟ್ ಹೋದರೆ ಎಂಜಿನ್ ತಣ್ಣಗಿಡೋ ವಾಟರ್ ಪಂಪ್ ತಿರುಗಲ್ಲ. ಮಟಮಟ ಮಧ್ಯಾಹ್ನ, ಹಿಂದೆ ಪರರ ಮಾಲು, ಎಸಿ ಹೋಗಲಿ ಗಾಡಿಯೇ ಮುಂದಕ್ಕೆ ಹೋಗೋ ಹಾಗಿಲ್ಲ.

ಗ್ಯಾಸ್ ಕಥೆಯನ್ನೂ ಹೇಳುತ್ತೇನೆ. ಎಸಿಗೆ ಹಾಕುವ ಆರ್-134ಎ ಗ್ಯಾಸ್ ತುಂಬುವ ಮುಂಚೆ ಪೈಪುಗಳಿಗೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಹೊಡೆಯಬೇಕು, ಅಂದರೆ ಪಂಪ್ ಇಟ್ಟು ಗಾಳಿ ಎಳೆಯಬೇಕು, ಒಳಗಿನ ತೇವ ಹೋಗಬೇಕು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಗ್ಯಾಸ್ ತುಂಬಿ ಆಗಿತ್ತು. ತೇವ ಉಳಿದರೆ ಗ್ಯಾಸ್ ಸಣ್ಣ ತೂತಿನಲ್ಲಿ ಹಾದು ತಣ್ಣಗಾಗುವ ಎಕ್ಸ್‌ಪಾನ್ಶನ್ ವಾಲ್ವ್‌ನಲ್ಲಿ ಮಂಜುಗಟ್ಟಿ ದಾರಿ ಮುಚ್ಚುತ್ತದೆ. ಸ್ವಲ್ಪ ಹೊತ್ತು ತಣ್ಣಗೆ, ಆಮೇಲೆ ಬಿಸಿಗಾಳಿ, ಆಫ್ ಮಾಡಿ ಬಿಟ್ಟರೆ ಮತ್ತೆ ತಣ್ಣಗೆ. ನನ್ನ ಗಾಡಿಯದು ಇದೇ ಆಟ. ಅದಕ್ಕೆ ಅವರ ಔಷಧಿ ಏನು ಅಂದರೆ ಇನ್ನಷ್ಟು ಗ್ಯಾಸ್! ಕೆಲವರು ಕಮ್ಮಿ ಖರ್ಚು ಅಂತ ಅಡುಗೆ ಗ್ಯಾಸನ್ನೇ ತುಂಬುತ್ತಾರೆ. ಪೈಪ್ ಸೋರಿ ಕ್ಯಾಬಿನ್ ಒಳಗೆ ಬಂದರೆ ಒಂದು ಕಿಡಿ ಸಾಕು. ಅಂಥ ಸಿಲಿಂಡರ್ ಕಂಡರೆ ಮಾತಾಡಬೇಡಿ, ಕೀಲಿ ಇಸಕೊಂಡು ಬನ್ನಿ.

ಸುಟ್ಟ ವಾಸನೆ ಬಂದಿದ್ದು ಮಾತ್ರ ನಿಜಕ್ಕೂ ಹೆದರಿಕೆ ಹುಟ್ಟಿಸಿತು. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿದೆ. ಕ್ಯಾಬಿನ್‌ಗೆ ಗಾಳಿ ಊದೋ ಬ್ಲೋವರ್‌ನ ವೈರು ಮುಟ್ಟಲಾಗದಷ್ಟು ಬಿಸಿ, ಮೇಲಿನ ಟೇಪ್ ಕರಗಿ ಬೆರಳಿಗೆ ಅಂಟಿತು. ಫ್ಯೂಸ್ ಇಲ್ಲ, ರಿಲೇ ಇಲ್ಲ, ಹೆಡ್‌ಲೈಟ್ ವೈರನ್ನು ಸುಲಿದು ತಿರುಚಿ ಅಲ್ಲಿಂದಲೇ ಕರೆಂಟ್ ತಗೊಂಡಿದ್ದಾರೆ. ರಾತ್ರಿ ಲೈಟು, ಎಸಿ ಎರಡೂ ಹಾಕಿದರೆ ಹಳೇ ಡೈನಮೋ ಚಾರ್ಜ್ ಮಾಡೋಕೆ ಸಾಲದೆ ಬ್ಯಾಟರಿ ಬೇರೆ ಇಳಿಯುತ್ತಿತ್ತು. ಒಂದು ವೇಳೆ ಬೆಂಕಿ ಹತ್ತಿದ್ದರೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯುತ್ತಿದ್ದರು. ಕಂಪನಿಯಿಂದ ಬರದ ಎಲೆಕ್ಟ್ರಿಕ್ ಸಾಮಾನನ್ನು ಪಾಲಿಸಿಯಲ್ಲಿ ಬರೆಸಿ ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕು. ಎಸಿ ಹಾಕೋ ಅಂಗಡಿಯವರು ಈ ಮಾತು ಎತ್ತೋದೇ ಇಲ್ಲ.

ಈಗ ಬೇರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ವೈರಿಂಗ್ ಪೂರ್ತಿ ಬಿಚ್ಚಿಸಿ ಹೊಸದಾಗಿ ಮಾಡಿಸಿದ್ದೇನೆ. ದೊಡ್ಡ ಡೈನಮೋ, ಮುಂದೆ ಫ್ಯಾನ್, ಗ್ಯಾಸಿನ ತೇವ ಹೀರೋ ಹೊಸ ಡ್ರೈಯರ್ ಬಾಟ್ಲಿ, ಲೇತ್‌ನಲ್ಲಿ ಸರಿಯಾಗಿ ಮಾಡಿಸಿದ ಬ್ರಾಕೆಟ್. ಎಸಿ ನಡೀತಿದೆ, ಸುಳ್ಳು ಹೇಳಲ್ಲ. ಆದರೂ ಲೋಡ್ ಇದ್ದು ಏರು ಬಂದರೆ ಆಫ್ ಮಾಡಲೇಬೇಕು, ಇರೋ ಸಣ್ಣ ಎಂಜಿನ್‌ನಲ್ಲಿ ಕಂಪ್ರೆಸರ್ ಮೂರ್ನಾಲ್ಕು ಎಚ್‌ಪಿ ತಿನ್ನುತ್ತದೆ. ಬಾಗಿಲ ರಬ್ಬರ್, ಗೇರ್ ಬುಡದ ತೂತುಗಳನ್ನು ಮುಚ್ಚಿಸಿ ಚಾವಣಿಗೆ ಒಳಗಿಂದ ಶೀಟ್ ಅಂಟಿಸಿದ್ದಕ್ಕೇ ಅರ್ಧ ಕಾವು ಇಳಿಯಿತು. ಅದಕ್ಕೆ ಆದ ಖರ್ಚು ತೀರಾ ಕಮ್ಮಿ. ನೀವು ಮೊದಲು ಅದನ್ನೇ ಮಾಡಿಸಿ ನೋಡಿ.

ಮೊದಲ ಅಂಗಡಿಯವರ ಹತ್ತಿರ ದುಡ್ಡು ವಾಪಸ್ ಕೇಳೋಕೆ ಹೋಗಿದ್ದೆ. ಬಿಲ್ ತೋರಿಸು ಅಂದರು. ಅದರಲ್ಲಿ "ಎಸಿ ಫಿಟಿಂಗ್" ಅಂತ ಒಂದೇ ಸಾಲು. ಕಂಪ್ರೆಸರ್ ಹೊಸದೋ ಗುಜರಿಯದೋ, ಯಾವ ಕಂಪನಿಯದು, ನಂಬರ್ ಎಷ್ಟು, ಒಂದೂ ಇಲ್ಲ. ಜಿಎಸ್‌ಟಿ ನಂಬರೂ ಇಲ್ಲ. ಅಡ್ವಾನ್ಸ್ ಕೊಡುವ ಮುಂಚೆಯೇ ಒಂದೊಂದು ಸಾಮಾನಿನ ಹೆಸರನ್ನೂ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಪಕ್ಕದ ಅಂಗಡಿ ನೋಡಿ.